ಹೊಸ ಯಂತ್ರಕ್ಕೆ ಖಂಡೆ ಪೂಜೆ

ಲಂಡನ್ನಿನ ಅಂಚಿನ ಕ್ರೋಯ್ಡನ್ನಿನ ಟ್ರಾಮಿನಲ್ಲಿ ದಿನಾ ಬೆಳಿಗ್ಗೆ ಕಿಟಕಿ ಪಕ್ಕ ಕೂತು ಫೋನಿನಲ್ಲಿ ಮುಖ ಹುದುಗಿಸುವ ಐವತ್ತರ ಆಸುಪಾಸಿನ ಗಂಡಸನ್ನು ಕಂಡವರು, ಪಾಪ, ಶೇರು ಪೇಟೆಯಲ್ಲಿ ಕೈ ಸುಟ್ಟುಕೊಂಡವನಿರಬೇಕು ಅಂದುಕೊಂಡಾರು. ಜಗದೇವಪ್ಪ ಓದುತ್ತಿದ್ದುದು ಶೇರಿನ ಸುದ್ದಿಯಲ್ಲ. ಟಿವಿಗೆ ಹಚ್ಚಿ ವಿಡಿಯೋ ಗೇಮ್ ಆಡುವ ಯಂತ್ರವಿದೆಯಲ್ಲ, ಕನ್ಸೋಲ್ ಅನ್ನುತ್ತಾರೆ, ಅದರ ಮುಂದಿನ ಪೀಳಿಗೆ ಯಾವಾಗ ಬರುತ್ತದೆ, ಅದಕ್ಕೆ ಆಟ ಮಾಡಿಕೊಡಲು ಹೊರಗಿನ ಯಾವ ಯಾವ ಕಂಪನಿಗಳನ್ನು ಕರೆಯುತ್ತಾರೆ ಎಂಬ ಗಾಳಿಮಾತುಗಳನ್ನು ಅವನು ಓದುತ್ತಿದ್ದ. ಹೆಸರಿಲ್ಲದ ಜನ ಹೆಸರಿಲ್ಲದ ಜನರನ್ನು ಉದ್ಧರಿಸಿ ಬರೆಯುವ ವೇದಿಕೆಗಳು ಅವು. ಒಬ್ಬ ಬರುವ ವರ್ಷ ಅನ್ನುತ್ತಾನೆ, ಇನ್ನೊಬ್ಬ ಅದಕ್ಕೂ ಮುಂದಿನ ವರ್ಷ ಅನ್ನುತ್ತಾನೆ, ಮೂರನೆಯವನು ಇಬ್ಬರನ್ನೂ ಬೈಯುತ್ತಾನೆ. ಜಗದೇವಪ್ಪ ಮೂವರನ್ನೂ ಶ್ರದ್ಧೆಯಿಂದ ಓದುತ್ತಿದ್ದ.

ಓದದೆ ಗತಿಯಿರಲಿಲ್ಲ. ಅವನ ಅನ್ನ ಅದರಲ್ಲಿತ್ತು. ವೆಸ್ಟ್ ಕ್ರೋಯ್ಡನ್ನಿನ ಹಳೆಯ ಆಫೀಸು ಕಟ್ಟಡವೊಂದರಲ್ಲಿ, ಲಿಫ್ಟು ಕೆಟ್ಟ ದಿನ ಏದುಸಿರು ಬಿಡುತ್ತ ಏರಬೇಕಾದ ಅಂತಸ್ತಿನಲ್ಲಿ, ಅವನು ಕೆಲಸ ಮಾಡುವ ಪುಟ್ಟ ಕಂಪನಿಯಿತ್ತು. ಒಂದು ಯಂತ್ರಕ್ಕೆಂದು ಯಾರೋ ಮಾಡಿದ ಆಟವನ್ನು ಇನ್ನೊಂದು ಯಂತ್ರದಲ್ಲೂ ಸರಿಯಾಗಿ ಓಡುವಂತೆ ತಿದ್ದಿ ಕೊಡುವುದು ಅವರ ಕಸುಬು. ಬೆರಳೆಣಿಕೆಯ ಮಂದಿ, ಅವರಿಗೆಲ್ಲ ಮಾರ್ಟಿನ್ ಎಂಬ ಮಾಲೀಕ. ಜಗದೇವಪ್ಪನದು ಪರೀಕ್ಷೆಯ ವಿಭಾಗ. ತಿದ್ದಿದ ಆಟವನ್ನು ನೂರು ರೀತಿಯಲ್ಲಿ ಆಡಿ, ಎಲ್ಲಿ ಮುಗ್ಗರಿಸುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಹುಡುಕಿ ಕೊಡಬೇಕು. ಮೊದಲು ಟೆಲಿಫೋನು ಕಂಪನಿಯೊಂದರ ಕೆಲಸಕ್ಕೆಂದು ವಿಜಯಪುರದಿಂದ ಬಂದವನು. ಆ ಕಂಪನಿ ಕೈಬಿಟ್ಟ ಮೇಲೆ ಸಿಕ್ಕಿದ್ದು ಸಾಕು ಎಂದು ಇಲ್ಲಿ ಸೇರಿ, ಹಾಗೇ ತಲೆ ನರೆಸಿಕೊಂಡಿದ್ದ.

ಈಚಿನ ಎರಡು ವರ್ಷಗಳಿಂದ ಕಂಪನಿಯ ಉಸಿರು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಹೊಸ ಯಂತ್ರ ಬರುತ್ತದೆಂದು ಗೊತ್ತು. ಅದು ಪೇಟೆಗೆ ಬರುವುದಕ್ಕೆ ಬಹಳ ಮೊದಲೇ ಅದರ ಪರೀಕ್ಷಾ ಯಂತ್ರವನ್ನು ತಯಾರಕರು ತಮಗೆ ಬೇಕಾದ ಹೊರಗಿನ ಕಂಪನಿಗಳಿಗೆ ಗುಟ್ಟಾಗಿ ಕೊಡುತ್ತಾರೆ. ಸಿಕ್ಕವರಿಗೆ ಮುಂದಿನ ಹಲವು ವರ್ಷಗಳ ಕೆಲಸ, ಸಿಗದವರಿಗೆ ಬಾಗಿಲು ಮುಚ್ಚುವ ಯೋಗ. ಈ ಸಲ ದೊಡ್ಡ ಕಂಪನಿಗಳಿಗಷ್ಟೇ ಕೊಡುತ್ತಾರಂತೆ ಎಂದು ಒಂದು ವಾರ ಸುದ್ದಿ. ಹಳೆಯ ಆಟಗಳೆಲ್ಲ ಹೊಸ ಯಂತ್ರದಲ್ಲಿ ತಾವಾಗಿಯೇ ಓಡುತ್ತವಂತೆ, ತಿದ್ದಿಕೊಡುವವರೇ ಬೇಡವಂತೆ ಎಂದು ಮರುವಾರ. ಜಗದೇವಪ್ಪ ಆಫೀಸಿಗೆ ಬಂದು ಕೋಟು ಬಿಚ್ಚುವುದರೊಳಗೆ ಎಲ್ಲರೂ ಅವನ ಸುತ್ತ ನಿಂತು, ಇವತ್ತಿನ ಕಣಿ ಏನು ಎಂದು ಕೇಳುತ್ತಿದ್ದರು. ಅವನು ಒಳ್ಳೆಯದಿದ್ದರೆ ಹೇಳುತ್ತಿದ್ದ. ಕೆಟ್ಟದ್ದಿದ್ದರೆ ಏನೂ ಇಲ್ಲ ಎಂದು ಚಹಾ ಮಾಡಲು ಹೋಗುತ್ತಿದ್ದ. ಕೆಟ್ಟ ಸುದ್ದಿಯನ್ನು ಬಾಯಿಬಿಟ್ಟು ಹೇಳುವುದು ಅವನಿಂದ ಎಂದೂ ಆಗುತ್ತಿರಲಿಲ್ಲ. ನಾಳೆ ತಾನಾಗಿ ಸರಿಹೋದೀತು ಎಂದು ನುಂಗಿಕೊಳ್ಳುವ ಜಾತಿ.

ಹೆಂಡತಿ ಸುವರ್ಣಾ ಪರ್ಲಿ ವೇ ರಸ್ತೆಯ ದೊಡ್ಡ ಅಂಗಡಿಯ ಔಷಧಿ ವಿಭಾಗದಲ್ಲಿದ್ದಳು. ಗಂಡನ ಮುಖ ನೋಡಿಯೇ ಅವತ್ತಿನ ಗಾಳಿಮಾತು ಯಾವ ಕಡೆಗೆ ಬೀಸಿದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಕೇಳಿದರೆ ಮಾತ್ರ ಅವನು ಏನಿಲ್ಲ ಅನ್ನುತ್ತಿದ್ದ. ಆ ಏನಿಲ್ಲವನ್ನು ಅವಳು ಮದುವೆಯಾದಾಗಿನಿಂದ ಕೇಳಿಕೊಂಡು ಬಂದಿದ್ದಳು.

ಇದೆಲ್ಲ ಸಾಲದೆಂಬಂತೆ ಕನ್ನಡ ಸಂಘದ ಕಾಟ ಬೇರೆ. ಸಂಘದ ಅಧ್ಯಕ್ಷರು ನರಸಿಂಹಮೂರ್ತಿ, ಬೆಂಗಳೂರಿನ ಬಸವನಗುಡಿಯವರು, ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ದೊಡ್ಡ ಹುದ್ದೆಯವರು, ಹೌನ್ಸ್ಲೋದಲ್ಲಿ ಸ್ವಂತ ಮನೆ. ಮನುಷ್ಯ ಕೆಟ್ಟವರಲ್ಲ. ಯಾರದೇ ಮನೆಯಲ್ಲಿ ಸಾವಾಗಲಿ, ಮದುವೆಯಾಗಲಿ, ಮೊದಲು ಕಾರು ತೆಗೆಯುವವರು ಅವರೇ. ಆದರೆ ಜಗದೇವಪ್ಪನನ್ನು ಕಂಡರೆ ಅವರ ನಾಲಿಗೆ ಸುಮ್ಮನಿರುತ್ತಿರಲಿಲ್ಲ. ಸಭೆಗೆ ತಡವಾಗಿ ಬಂದರೆ, ಆಟ ಮುಗೀಲಿಲ್ಲವಾ ಎನ್ನುವುದು. ಯಾರಾದರೂ ಹೊಸಬರಿಗೆ ಪರಿಚಯಿಸುವಾಗ, ಇವರು ಆಟ ಆಡಿ ಸಂಬಳ ತಗೊಳ್ಳೋ ಪುಣ್ಯಾತ್ಮರು ಎನ್ನುವುದು. ಎಲ್ಲರೂ ನಗುತ್ತಿದ್ದರು. ಜಗದೇವಪ್ಪನೂ ನಗುತ್ತಿದ್ದ. ಹಾಗೆ ಹದಿನಾರು ವರ್ಷ ನಗುತ್ತ ಬಂದವನ ಹೊಟ್ಟೆಯಲ್ಲಿ ಏನೇನು ಗಂಟು ಬಿದ್ದಿರುತ್ತದೆ ಎಂದು ನಗಿಸುವವರಿಗೆ ಗೊತ್ತಾಗುವುದಿಲ್ಲ.

ಪ್ರತಿ ವರ್ಷ ನವರಾತ್ರಿಯಲ್ಲಿ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ಪದ್ಧತಿ. ಆಯುಧ ಪೂಜೆಯ ದಿನ ಎಲ್ಲರೂ ತಮ್ಮ ತಮ್ಮ ಆಯುಧದ ಫೋಟೋ ಹಾಕಬೇಕು. ಮನೆ ಮುಂದೆ ನಿಂತ ಹೊಸ ಕಾರುಗಳೇ ಹೆಚ್ಚು. ಚೆಂಡುಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಡಾಕ್ಟರ ಸ್ಟೆತೊಸ್ಕೋಪು, ಯಾರದೋ ಹೊಲಿಗೆ ಯಂತ್ರ, ಇನ್ನಾರದೋ ಅಡಿಗೆ ಮನೆಯ ಮಿಕ್ಸಿ. ಜಗದೇವಪ್ಪ ಆಫೀಸಿನ ಹಳೇ ಕಂಪ್ಯೂಟರಿನ ಫೋಟೋ ಹಾಕುತ್ತಿದ್ದ. ಅದಕ್ಕೆ ಒಂದೋ ಎರಡೋ ಕೈಮುಗಿಯುವ ಚಿತ್ರ ಬೀಳುತ್ತಿದ್ದವು.

ಆದರೆ ಪೂಜೆಯನ್ನು ಅವನು ಗುಂಪಿಗಾಗಿ ಮಾಡುತ್ತಿರಲಿಲ್ಲ. ಸಿಂದಗಿಯಲ್ಲಿ ಅವನಪ್ಪನದು ಹಿಟ್ಟಿನ ಗಿರಣಿ. ಅವರ ಕಡೆ ಇದನ್ನು ಖಂಡೆ ಪೂಜೆ ಅನ್ನುತ್ತಾರೆ. ಅವತ್ತು ಗಿರಣಿ ಓಡಿಸುವಂತಿಲ್ಲ. ಕಲ್ಲು ತೊಳೆದು, ವಿಭೂತಿ ಹಚ್ಚಿ, ಕುಂಕುಮವಿಟ್ಟು, ಒಂದು ದಿನವಾದರೂ ನಿನ್ನನ್ನು ದುಡಿಸುವುದಿಲ್ಲ ಎಂದು ಅಪ್ಪ ಅದಕ್ಕೆ ಕೈಮುಗಿಯುತ್ತಿದ್ದ. ಅನ್ನ ಕೊಡುವ ಯಂತ್ರದ ಮುಂದೆ ತಲೆ ಬಾಗಿಸುವುದು ಜಗದೇವಪ್ಪನಿಗೆ ಅಲ್ಲಿಂದ ಬಂದದ್ದು. ಮಾರ್ಟಿನ್ ಮೊದಲ ವರ್ಷ ಕುತೂಹಲದಿಂದ ನೋಡಿದ್ದ. ಆಮೇಲಾಮೇಲೆ ಅವನೇ ಸೆಪ್ಟೆಂಬರಿನಲ್ಲಿ, ಯಾವತ್ತು ಬರುತ್ತದೆ ನಿಮ್ಮ ಹಬ್ಬ ಎಂದು ಕೇಳುತ್ತಿದ್ದ. ಪೂಜೆಯ ಮರುದಿನ ಜಗದೇವಪ್ಪ ಎಲ್ಲರ ಮೇಜಿನ ಮೇಲೆ ಊರಿಂದ ತರಿಸಿದ ಒಣ ಬನ್ನಿ ಎಲೆ ಇಟ್ಟು ಬರುತ್ತಿದ್ದ. ಇದು ಬಂಗಾರ, ಬಂಗಾರದ ಹಾಗೆ ಇರೋಣ ಎಂದು ಅರ್ಥ ಹೇಳಿಕೊಟ್ಟಿದ್ದ. ಮಾರ್ಟಿನ್ ಆ ಎಲೆಯನ್ನು ಕಂಪ್ಯೂಟರಿನ ಅಂಚಿಗೆ ಸಿಕ್ಕಿಸಿಕೊಂಡು ವರ್ಷವಿಡೀ ಇಟ್ಟುಕೊಳ್ಳುತ್ತಿದ್ದ. ಬಂಗಾರ ಎಂಬ ಶಬ್ದ ಅವನ ಬಾಯಲ್ಲಿ ಏನೇನೋ ಆಗುತ್ತಿತ್ತು, ಆದರೂ ತಪ್ಪದೆ ಹೇಳುತ್ತಿದ್ದ.

ಕಳೆದ ಬೇಸಿಗೆಯ ಕೊನೆಗೆ ಪರೀಕ್ಷಾ ಯಂತ್ರ ಬಂತು. ಯಾರೂ ನಂಬಿರಲಿಲ್ಲ. ತಯಾರಕರು ಸಣ್ಣ ಕಂಪನಿಗಳಲ್ಲಿ ಕೆಲವನ್ನು ಆರಿಸಿದ್ದರು, ಅದರಲ್ಲಿ ಇವರೂ ಇದ್ದರು. ಅದನ್ನು ನಂಬಿ ಆಟದ ಕಂಪನಿಯೊಂದು ತನ್ನ ಹೊಸ ಆಟವನ್ನೂ ಇವರ ಕೈಗೆ ಕೊಡುವುದಾಗಿ ಒಪ್ಪಿತು. ಮಾರ್ಟಿನ್ ಅವತ್ತು ಎಲ್ಲರೆದುರು ಕಣ್ಣೊರೆಸಿಕೊಂಡ. ಅವನು ತನ್ನ ಮನೆಯನ್ನೇ ಒತ್ತೆಯಿಟ್ಟು ಕಂಪನಿಯನ್ನು ಹಿಡಿದು ನಿಲ್ಲಿಸಿದ್ದ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು.

ಯಂತ್ರದ ಜೊತೆ ಕಟ್ಟಳೆಗಳೂ ಬಂದವು. ಅದನ್ನು ಬೀಗ ಹಾಕಿದ ಕೋಣೆಯಲ್ಲಿಡಬೇಕು. ಅದರ ವಿಷಯ ಹೊರಗೆ ಯಾರಲ್ಲೂ ಆಡಬಾರದು. ಚಿತ್ರ ತೆಗೆಯಬಾರದು. ಹೊರಬಿದ್ದರೆ ಯಂತ್ರ ವಾಪಸು, ಸಂಬಂಧ ಅಲ್ಲಿಗೆ ಮುಗಿಯಿತು. ಏನಾದರೂ ಅಚಾತುರ್ಯ ನಡೆದರೆ ಕಂಪನಿಯೇ ತಕ್ಷಣ ಮುಂದೆ ಬಂದು ತಿಳಿಸಬೇಕು, ಆಗ ವಿಚಾರ ಮಾಡಿ ನೋಡುತ್ತೇವೆ ಎಂಬ ಒಂದು ಸಾಲೂ ಇತ್ತು. ಮಾರ್ಟಿನ್ ಅದನ್ನೆಲ್ಲ ಓದಿ ಹೇಳಿ ಬೀಗದ ಕೈಯನ್ನು ಜಗದೇವಪ್ಪನ ಕೈಗೆ ಕೊಟ್ಟ. ಜಗದೇವಪ್ಪ ಕೋಣೆಯ ಬಾಗಿಲಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನಿಟ್ಟು, ಒಳಗೆ ಹೋಗುವವರು ಫೋನನ್ನು ಅದರಲ್ಲಿ ಹಾಕಿ ಹೋಗಬೇಕೆಂದು ತಾನೇ ಕಾಯಿದೆ ಮಾಡಿದ. ಮರೆತು ಒಳಗೆ ಕಾಲಿಟ್ಟವರನ್ನು ಮುಲಾಜಿಲ್ಲದೆ ಹೊರಗೆ ಕಳಿಸುತ್ತಿದ್ದ. ಒಮ್ಮೆ ಮಾರ್ಟಿನ್‌ನನ್ನೇ ಕಳಿಸಿದ್ದ.

ಆ ಯಂತ್ರ ಬಂದ ಮೇಲೆ ಅವನ ನಡಿಗೆಯೇ ಬೇರೆಯಾಯಿತು. ಟ್ರಾಮಿನಲ್ಲಿ ಗಾಳಿಮಾತು ಓದುವಾಗ ಈಗ ತುಟಿಯಂಚಿನಲ್ಲಿ ನಗು. ಜಗತ್ತೆಲ್ಲ ಊಹಿಸುತ್ತಿರುವುದು ತನ್ನ ಕಿಸೆಯಲ್ಲಿರುವ ಬೀಗದ ಕೈಯ ಆಚೆಗಿದೆ ಎನ್ನುವುದು ಸಣ್ಣ ಸುಖವಲ್ಲ. ಸುವರ್ಣಾಗೂ ಹೇಳಲಿಲ್ಲ. ಆಫೀಸಿನಾಗ ಛಲೋ ನಡದೈತಿ ಎಂದಷ್ಟೇ ಹೇಳಿದ. ಇಷ್ಟೊಂದು ಮಾತಾಡಿದ್ದು ಕಂಡು ಅವಳಿಗೇ ಆಶ್ಚರ್ಯವಾಯಿತು.

ಖಂಡೆ ಪೂಜೆ ಬಂತು. ಹಿಂದಿನ ಭಾನುವಾರವೇ ಅವನು ನಮ್ಮ ಕಡೆಯ ಅಂಗಡಿಗಳಿರುವ ಸೌತ್‌ಹಾಲಿಗೆ ಹೋಗಿ ಚೆಂಡುಹೂವು, ನಿಂಬೆಹಣ್ಣು, ಬೂದುಗುಂಬಳ ತಂದಿದ್ದ. ಈ ಸಲ ಹೊಸದಕ್ಕೇ ಮೊದಲ ಪೂಜೆಯಾಗಲಿ ಎಂದು ಮಾರ್ಟಿನ್ ತಾನಾಗಿ ಹೇಳಿದ. ಬೆಳಿಗ್ಗೆ ಎಲ್ಲರೂ ಫೋನುಗಳನ್ನು ಡಬ್ಬಿಗೆ ಹಾಕಿ ಒಳಗೆ ಬಂದರು. ಹೊಗೆಯ ಅಲಾರ್ಮಿನ ದೆಸೆಯಿಂದ ಊದುಬತ್ತಿಯನ್ನು ಹಚ್ಚದೆಯೇ ಸಿಕ್ಕಿಸಬೇಕಾಯಿತು, ದೀಪವೂ ಬ್ಯಾಟರಿಯದೇ. ಜಗದೇವಪ್ಪ ಯಂತ್ರಕ್ಕೆ ಮೂರೆಳೆ ವಿಭೂತಿ ಎಳೆದು, ಮುಂಭಾಗದ ಜಾಲರಿಯ ಮೇಲೆ ಕುಂಕುಮವಿಟ್ಟು ಹೂವೇರಿಸಿದ. ಎಲ್ಲರೂ ಕೈಮುಗಿದು, ಸುವರ್ಣಾ ಮಾಡಿಕೊಟ್ಟ ಶೇಂಗಾ ಹೋಳಿಗೆ ತಿಂದು ತಮ್ಮ ತಮ್ಮ ಜಾಗಕ್ಕೆ ಹೋದರು.

ಕೊನೆಗೆ ಅವನೊಬ್ಬನೇ ಉಳಿದ. ಅಪ್ಪ ಮಾಡುತ್ತಿದ್ದಂತೆ ಮೊಣಕಾಲೂರಿ ನಮಸ್ಕರಿಸಲು ಬಗ್ಗಿದಾಗ ಪ್ಯಾಂಟಿನ ಕಿಸೆಯಲ್ಲಿ ಗಟ್ಟಿಯಾಗಿ ಏನೋ ಒತ್ತಿತು. ಎರಡೂ ಕೈಯಲ್ಲಿ ಪೂಜೆಯ ತಟ್ಟೆ ಹಿಡಿದು ಬಂದವನು ತನ್ನ ಫೋನನ್ನೇ ಡಬ್ಬಿಗೆ ಹಾಕಲು ಮರೆತಿದ್ದ. ಎದ್ದು ಹೊರಗಿಟ್ಟು ಬರಬೇಕು ಅಂದುಕೊಂಡ. ಎದ್ದವನು ಯಂತ್ರವನ್ನು ನೋಡಿದ. ಹಳದಿ ಹೂವಿನ ನಡುವೆ ಕಪ್ಪಗೆ, ಗಂಭೀರವಾಗಿ ಕೂತಿತ್ತು. ಒಂದೇ ಒಂದು ಫೋಟೋ, ತನಗಾಗಿ ಮಾತ್ರ, ಯಾರಿಗೂ ತೋರಿಸುವುದಿಲ್ಲ. ಯಂತ್ರದ ಗುರುತಿನ ಅಂಕಿ ಕೆತ್ತಿದ ಜಾಗದ ಮೇಲೆ ಒಂದು ಚೆಂಡುಹೂವನ್ನು ಸರಿಸಿಟ್ಟು ಕ್ಲಿಕ್ಕಿಸಿದ. ಹೂವನ್ನು ಸರಿಸುವಷ್ಟು ಬುದ್ಧಿ ಇದ್ದವನಿಗೆ ಫೋನನ್ನು ಕಿಸೆಗೆ ಹಾಕುವ ಬುದ್ಧಿ ಬರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತು ಗುಂಪು ತೆರೆದರೆ ಕಾರುಗಳ ಮೆರವಣಿಗೆ. ನರಸಿಂಹಮೂರ್ತಿಯವರ ಹೊಸ ಬ್ಯಾಟರಿ ಕಾರು ಎಲ್ಲಕ್ಕಿಂತ ಮುಂದೆ. ಅದರ ಕೆಳಗೆ ಅವರದೇ ಮಾತು: “ಏನ್ರೀ ಜಗದೇವಪ್ನೋರೇ, ನಿಮ್ಮ ಆಟದ ಸಾಮಾನಿಗೆ ಪೂಜೆ ಆಯ್ತಾ?” ಕೆಳಗೆ ನಗುವ ಮುಖಗಳ ಸಾಲು.

ಜಗದೇವಪ್ಪ ಫೋಟೋ ಹಾಕಿದ. ಇದೇನಿದು ಎಂದು ಯಾರೋ ಕೇಳಿದರು. ಆಗಲಾದರೂ ಸುಮ್ಮನಿದ್ದರೆ ಅದೊಂದು ಕಪ್ಪು ಪೆಟ್ಟಿಗೆಯಾಗಿ ಹೋಗುತ್ತಿತ್ತು. ಇವನು ಬರೆದ: ಇನ್ನೂ ಪೇಟೆಗೆ ಬಂದಿಲ್ಲ, ಜಗತ್ತಿನಾಗ ಕೆಲವೇ ಮಂದಿ ನೋಡ್ಯಾರ. ಗುಂಪಿಗೆ ಗುಂಪೇ ಎದ್ದು ಕೂತಿತು. ಯಾವ ಕಾರಿಗೂ ಬೀಳದಷ್ಟು ಚಪ್ಪಾಳೆಯ ಚಿತ್ರಗಳು ಬಿದ್ದವು. ನರಸಿಂಹಮೂರ್ತಿ ನಗಲಿಲ್ಲ. ಇಷ್ಟು ದಿನ ನಮ್ಮ ನಡುವೆ ಇಂಥವರಿದ್ದಾರೆಂದು ನಮಗೇ ಗೊತ್ತಿರಲಿಲ್ಲ, ತಮಾಷೆ ಮಾಡಿದ್ದಕ್ಕೆ ಕ್ಷಮೆಯಿರಲಿ ಎಂದು ಬರೆದರು. ಜಗದೇವಪ್ಪ ಅದನ್ನು ಮತ್ತೆ ಮತ್ತೆ ಓದಿದ. ತಣ್ಣಗಾದ ರೊಟ್ಟಿ ಅವತ್ತು ಅವನಿಗೆ ಎಷ್ಟು ರುಚಿಯಾಯಿತೆಂದರೆ, ಆ ರುಚಿಯನ್ನು ನೆನೆದರೆ ಈಗ ಅವನಿಗೆ ವಾಕರಿಕೆ ಬರುತ್ತದೆ.

ನರಸಿಂಹಮೂರ್ತಿ ಅದನ್ನು ಹೆಮ್ಮೆಯಿಂದಲೇ ಬೆಂಗಳೂರಿನ ತಮ್ಮ ಬಂಧುಗಳ ಗುಂಪಿಗೆ ದಾಟಿಸಿದರು. ನಮ್ಮ ಲಂಡನ್ನಿನ ಕನ್ನಡಿಗರ ಕೆಲಸ ನೋಡಿ ಎಂದು. ಅಲ್ಲಿಂದ ಯಾರು ಯಾರಿಗೆ ಕಳಿಸಿದರೋ ಶಿವನೇ ಬಲ್ಲ. ಅವರಲ್ಲಿ ಒಬ್ಬರಿಗೂ ಕೆಟ್ಟ ಮನಸ್ಸಿರಲಿಲ್ಲ.

ಶನಿವಾರ ಬೆಳಿಗ್ಗೆ ಜಗದೇವಪ್ಪ ಅಡಿಗೆ ಮನೆಯಲ್ಲಿ ನಿಂತು ಅಭ್ಯಾಸಬಲದಿಂದ ಗಾಳಿಮಾತಿನ ವೇದಿಕೆ ತೆರೆದ. ಮೊದಲ ಪುಟದಲ್ಲೇ ಅವನ ಚೆಂಡುಹೂವು. ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು. ಸುವರ್ಣಾ ಓಡಿ ಬಂದು ಒಲೆ ಆರಿಸಿ, ಏನಾಯಿತೆಂದು ಕೇಳಿದಳು. ಏನಿಲ್ಲ ಅಂದ.

ಅಲ್ಲಿ ಜನ ಕಚ್ಚಾಡುತ್ತಿದ್ದರು. ನಿಜವಾದ ಯಂತ್ರ ಎಂದು ಕೆಲವರು. ಇಂಥ ಯಂತ್ರದ ಮೇಲೆ ಯಾರಾದರೂ ಬಣ್ಣದ ಪುಡಿ ಹಾಕುತ್ತಾರೆಯೇ, ಇದು ಕಂಪ್ಯೂಟರಿನಲ್ಲಿ ಮಾಡಿದ ಸುಳ್ಳು ಚಿತ್ರ ಎಂದು ಹೆಚ್ಚಿನವರು. ಜಗದೇವಪ್ಪನಿಗೆ ಅದರಲ್ಲಿ ಒಂದು ಹುಲ್ಲುಕಡ್ಡಿ ಸಿಕ್ಕಿತು. ಸುಳ್ಳು ಹೆಸರಿನ ಖಾತೆ ತೆರೆದು, ನನಗೆ ಈ ಕಸುಬು ಗೊತ್ತು, ಇದು ಶುದ್ಧ ಸುಳ್ಳು ಎಂದು ತಾನೇ ಬರೆದ. ಕೆಲವರು ಅವನ ಮಾತನ್ನು ಒಪ್ಪಿದರು. ಅಪ್ಪ ಕಲಿಸಿದ ಪೂಜೆಯನ್ನು ಸುಳ್ಳು ಎಂದು ಬರೆದ ಕೈಯನ್ನು ಅವನು ಹೋಗಿ ಸೋಪು ಹಚ್ಚಿ ತೊಳೆದುಕೊಂಡ. ಭಾನುವಾರ ಸಂಜೆಯ ಹೊತ್ತಿಗೆ ಯಾರೋ ಗೋಡೆಯ ಪ್ಲಗ್ಗಿನ ಮೂರು ಚಪ್ಪಟೆ ತೂತುಗಳನ್ನು ತೋರಿಸಿ, ಇದು ಬ್ರಿಟನ್ನು ಎಂದು ಬರೆದಿದ್ದರು.

ಸೋಮವಾರ ತಯಾರಕರಿಂದ ವಿಚಾರಣೆ ಬಂತು. ಬ್ರಿಟನ್ನಿನಲ್ಲಿ ಯಂತ್ರ ಪಡೆದ ಎಲ್ಲರನ್ನೂ ಕೇಳುತ್ತಿದ್ದರು, ಈ ಚಿತ್ರ ನಿಮ್ಮಲ್ಲಿಯದೇ ಎಂದು. ಚಿತ್ರವನ್ನು ನೋಡಿದ ಮಾರ್ಟಿನ್‌ಗೆ ಅದು ತಮ್ಮ ಪೂಜೆಯೇ ಎಂದು ಅನಿಸದೆ ಇರಲಿಲ್ಲ. ಆದರೆ ಬೇರೆ ಕಂಪನಿಗಳಲ್ಲೂ ಭಾರತದವರು ಬೇಕಾದಷ್ಟು ಮಂದಿ ಇದ್ದಾರೆ, ಅವತ್ತು ಎಲ್ಲರಿಗೂ ಹಬ್ಬ. ಅವನು ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿ ಒಬ್ಬೊಬ್ಬರನ್ನೇ ಕೇಳಿದ. ಪೂಜೆಯ ದಿನ ಫೋನು ಡಬ್ಬಿಯಲ್ಲಿತ್ತೇ? ಇತ್ತು, ಇತ್ತು, ಇತ್ತು. ಜಗದೇವಪ್ಪ ಮೇಜಿನ ತುದಿಯಲ್ಲಿದ್ದ. ಅವನ ಸರದಿ ಬಂದಾಗ ಹೇಳಿಬಿಡಬೇಕೆಂದು ನಾಲಿಗೆಯ ತುದಿಯಲ್ಲಿ ಮಾತು ಕಟ್ಟಿಕೊಂಡು ಕೂತಿದ್ದ. ಮಾರ್ಟಿನ್ ಅವನ ಹತ್ತಿರ ಬಂದವನು ಕೇಳಲಿಲ್ಲ.

“ನಿನ್ನನ್ನು ಕೇಳುವ ಅಗತ್ಯವಿಲ್ಲ, ಜಗ್,” ಎಂದು ಹೆಗಲ ಮೇಲೆ ಕೈಯಿಟ್ಟು ಮುಂದೆ ಹೋದ.

ಅಷ್ಟೇ ಆದದ್ದು. ಒಂದು ಕ್ಷಣದ ಕೆಲಸ. ಅವನು ಬಾಯಿ ತೆರೆಯಬೇಕಿತ್ತು. ಆ ಕೈ ಹೆಗಲಿನಿಂದ ಹೋಯಿತು. ಇದು ನಮ್ಮದಲ್ಲ, ನನ್ನ ಜನರ ಬಗ್ಗೆ ನಾನೇ ಖಾತ್ರಿ ಎಂದು ಮಾರ್ಟಿನ್ ಮಧ್ಯಾಹ್ನದೊಳಗೆ ಉತ್ತರ ಬರೆದ. ಬರೆಯುವಾಗ ಜಗದೇವಪ್ಪ ಎದುರಿನ ಮೇಜಿನಲ್ಲೇ ಇದ್ದ. ಎದ್ದು ಹೋಗಿ ತಡೆಯಲು ಅವನಿಗೆ ಸಾಕಷ್ಟು ಹೊತ್ತಿತ್ತು. ಚಹಾ ಮಾಡಿಕೊಂಡು ಬಂದ. ಮಾರ್ಟಿನ್‌ಗೂ ಒಂದು ಕಪ್ಪು ತಂದುಕೊಟ್ಟ.

ಮುಂದಿನ ದಿನಗಳು ಅವನಿಗೆ ಸರಿಯಾಗಿ ನೆನಪಿಲ್ಲ. ಗುಂಪಿನಿಂದ ಫೋಟೋ ಅಳಿಸಲು ಹೋದ, ಅಳಿಸುವ ಅವಧಿ ಮುಗಿದಿತ್ತು. ತನ್ನ ಫೋನಿನಿಂದ ಮಾತ್ರ ಹೋಯಿತು, ಉಳಿದವರ ಫೋನಿನಲ್ಲಿ ಹಾಗೇ ಇತ್ತು. ಕೋಣೆಗೆ ಹೋಗಿ ಒದ್ದೆ ಬಟ್ಟೆಯಿಂದ ಯಂತ್ರವನ್ನು ಒರೆಸಿದ. ಮೇಲಿನ ವಿಭೂತಿ ಹೋಯಿತು. ಜಾಲರಿಯ ಸಣ್ಣ ಕಣ್ಣುಗಳೊಳಗೆ ಇಳಿದ ಕುಂಕುಮ ಹೋಗಲಿಲ್ಲ. ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದರೆ ಇನ್ನಷ್ಟು ಒಳಗೆ ಹೋಯಿತು. ಅವನು ಅದರ ಮುಂದೆ ಕೂತು ಅತ್ತ. ಅಪ್ಪ ಹೋದಾಗಲೂ ಊರು ಮುಟ್ಟುವ ತನಕ ಅಳದವನು.

ತಯಾರಕರು ಉತ್ತರವನ್ನು ನಂಬಿ ಕೂರಲಿಲ್ಲ. ಪ್ರತಿ ಕಂಪನಿಗೂ ಮನುಷ್ಯರನ್ನು ಕಳಿಸಿದರು. ಕ್ರೋಯ್ಡನ್ನಿಗೆ ಬಂದವನು ಸೌಮ್ಯ ಸ್ವಭಾವದ ಯುವಕ. ಕೋಣೆಯ ಪ್ಲಗ್ಗು ನೋಡಿದ, ನೆಲದ ಹಾಸು ನೋಡಿದ. ಆಮೇಲೆ ಸಣ್ಣ ಟಾರ್ಚು ಹಿಡಿದು ಜಾಲರಿಯೊಳಗೆ ನೋಡಿ, ಒಂದು ಬಿಳಿ ಕಾಗದದ ಮೇಲೆ ಯಂತ್ರವನ್ನು ಮೆಲ್ಲಗೆ ತಟ್ಟಿದ. ಕಾಗದದ ಮೇಲೆ ಕೆಂಪು ಪುಡಿ ಉದುರಿತು. ಅವನು ಏನೂ ಹೇಳದೆ ಅದನ್ನು ಮಾರ್ಟಿನ್‌ಗೆ ತೋರಿಸಿದ. ಮಾರ್ಟಿನ್ ಜಗದೇವಪ್ಪನ ಮುಖ ನೋಡಿದ. ಪೂಜೆಯಾದದ್ದು ಮಾರ್ಟಿನ್‌ಗೂ ಗೊತ್ತು, ಪುಡಿ ಇರುವುದು ಸಹಜ, ಅದರಿಂದೇನೂ ಸಾಬೀತಾಗದು. ಆದರೆ ಜಗದೇವಪ್ಪನ ಮುಖದಲ್ಲಿ ಎಲ್ಲವೂ ಇತ್ತು.

“ಫೋಟೋ ತೆಗೆದವನು ನಾನು,” ಎಂದ ಜಗದೇವಪ್ಪ. ಅಷ್ಟು ಹೊತ್ತಿಗೆ ಆ ಮಾತು ಯಾರ ಉಪಯೋಗಕ್ಕೂ ಬರುವಂತಿರಲಿಲ್ಲ.

ಯುವಕ ಯಂತ್ರವನ್ನು ಪೆಟ್ಟಿಗೆಗೆ ಹಾಕಿಕೊಂಡು ಹೋದ. ಚಿತ್ರ ಹೊರಬಿದ್ದದ್ದಕ್ಕಿಂತ, ಸುಳ್ಳು ಖಾತ್ರಿ ಕೊಟ್ಟದ್ದು ದೊಡ್ಡ ತಪ್ಪೆಂದು ಹೋಗುವಾಗ ವಿಷಾದದಿಂದಲೇ ಹೇಳಿದ. ಬಾಗಿಲು ಮುಚ್ಚಿದ ಮೇಲೆ ಮಾರ್ಟಿನ್ ಕಿಟಕಿಯ ಹತ್ತಿರ ಹೋದ. ಬೈಯಲಿಲ್ಲ. ಬೈದಿದ್ದರೆ ಜಗದೇವಪ್ಪ ಅವನ ಕಾಲು ಹಿಡಿಯುತ್ತಿದ್ದನೋ ಏನೋ.

“ಸೋಮವಾರವೇ ನನಗೆ ಹೇಳಬಹುದಿತ್ತಲ್ಲ,” ಎಂದ. “ಸೋಮವಾರ ಹೇಳಿದ್ದರೆ ನಾನು ಅವರ ಹತ್ತಿರ ಹೋಗಿ ಬೇಡಿಕೊಳ್ಳುತ್ತಿದ್ದೆ.”

ಯಂತ್ರ ಹೋದ ಸುದ್ದಿ ತಿಳಿದು, ಹೊಸ ಆಟ ಕೊಡುವುದಾಗಿ ಹೇಳಿದ್ದ ಕಂಪನಿ ಹಿಂದೆ ಸರಿಯಿತು. ಅಕ್ಟೋಬರಿನ ಕೊನೆಯ ಶುಕ್ರವಾರ ಮಾರ್ಟಿನ್ ಎಲ್ಲರನ್ನೂ ಕರೆದು, ಕ್ರಿಸ್‌ಮಸ್ಸಿನೊಳಗೆ ಕಂಪನಿ ಮುಚ್ಚುತ್ತದೆ, ಎಲ್ಲರೂ ಬೇರೆ ಕೆಲಸ ನೋಡಿಕೊಳ್ಳಿ ಎಂದ. ಯಾರಿಂದ ಹೀಗಾಯಿತು ಎಂದು ಹೇಳಲಿಲ್ಲ. ಒಬ್ಬಳು ಸಹೋದ್ಯೋಗಿ, ಈಚೆಗಷ್ಟೇ ಮಗುವಾದವಳು, ತನ್ನ ಕಣ್ಣೀರು ಒರೆಸಿಕೊಂಡು ಜಗದೇವಪ್ಪನ ಹತ್ತಿರ ಬಂದು, ನಿನ್ನ ವಯಸ್ಸಿಗೆ ಇದು ಇನ್ನೂ ಕಷ್ಟ ಎಂದು ಅವನಿಗೇ ಸಮಾಧಾನ ಹೇಳಿದಳು. ಅವನು ತಲೆಯಾಡಿಸಿದ. ಹೊರಡುವಾಗ ಮಾರ್ಟಿನ್‌ನ ಕಂಪ್ಯೂಟರಿನ ಅಂಚಿನಲ್ಲಿ ಈ ವರ್ಷದ ಬನ್ನಿ ಎಲೆ ಇನ್ನೂ ಸಿಕ್ಕಿಕೊಂಡಿದ್ದು ಕಂಡಿತು. ಮಾರ್ಟಿನ್ ಅದನ್ನು ಕಿತ್ತು ಎಸೆದಿದ್ದರೆ ಜಗದೇವಪ್ಪನಿಗೆ ಸ್ವಲ್ಪ ಹಗುರಾಗುತ್ತಿತ್ತು.

ಮನೆಗೆ ಬಂದವನು ಸುವರ್ಣಾಗೆ ಹೇಳಲಿಲ್ಲ. ಅವಳು ಭಾನುವಾರದ ಸಂಭ್ರಮದಲ್ಲಿದ್ದಳು. ಹೌನ್ಸ್ಲೋದ ಶಾಲೆಯೊಂದರ ಸಭಾಂಗಣದಲ್ಲಿ ಸಂಘದ ರಾಜ್ಯೋತ್ಸವ, ಅದರಲ್ಲಿ ಜಗದೇವಪ್ಪನಿಗೆ ಸನ್ಮಾನ. ಚಿತ್ರ ಹಾಕಿದ ಮರುದಿನವೇ ನರಸಿಂಹಮೂರ್ತಿ ನಿಶ್ಚಯಿಸಿಬಿಟ್ಟಿದ್ದರು. ಬೇಡವೆಂದು ಜಗದೇವಪ್ಪ ಫೋನಿನಲ್ಲಿ ಎರಡು ಸಲ ಹೇಳಿದ್ದ. ಯಾಕೆಂದು ಹೇಳದ ಮೇಲೆ ಅದು ಸಂಕೋಚವಾಗಿಯೇ ಕಾಣುತ್ತದಲ್ಲ. ಇಷ್ಟು ವರ್ಷ ನಿಮ್ಮನ್ನು ಸರಿಯಾಗಿ ಗುರುತಿಸಲಿಲ್ಲ, ಅದರ ಪ್ರಾಯಶ್ಚಿತ್ತ ಇದು ಎಂದು ಅವರು ನಕ್ಕಿದ್ದರು. ಶನಿವಾರವೆಲ್ಲ ಸುವರ್ಣಾ ಅವನ ಅಂಗಿ ಇಸ್ತ್ರಿ ಮಾಡಿದಳು, ತನ್ನ ಇಳಕಲ್ ಸೀರೆ ತೆಗೆದಳು, ಊರಿಗೆ ಫೋನು ಮಾಡಿ ಅತ್ತೆಗೆ ತಿಳಿಸಿದಳು. ಹೇಳಬೇಕೆಂದು ಅವನು ಬಾಗಿಲ ತನಕ ಬಂದು ಬಂದು ಹೋದ.

ಭಾನುವಾರ ಸಭಾಂಗಣ ತುಂಬಿತ್ತು. ಮಕ್ಕಳು ನಾಡಗೀತೆ ಹಾಡಿದರು, ಅರ್ಧ ಪದಗಳನ್ನು ನುಂಗಿ. ಆಮೇಲೆ ಜಗದೇವಪ್ಪನನ್ನು ವೇದಿಕೆಗೆ ಕರೆದು, ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಕೈಗೆ ಹಣ್ಣಿನ ತಟ್ಟೆ ಕೊಟ್ಟರು. ನರಸಿಂಹಮೂರ್ತಿ ಮನಸಾರೆ ಮಾತಾಡಿದರು. ಜಗತ್ತಿನ ಮಕ್ಕಳೆಲ್ಲ ನಾಳೆ ಆಡಲಿರುವ ಯಂತ್ರವನ್ನು ಇವತ್ತೇ ಮುಟ್ಟಿದ ಕೈ ಇವರದು, ಅದಕ್ಕೆ ಕುಂಕುಮವಿಟ್ಟ ಕೈಯೂ ಇವರದು ಎಂದರು. ಚಪ್ಪಾಳೆ ನಿಲ್ಲಲಿಲ್ಲ. ಮುಂದಿನ ಸಾಲಿನಿಂದ ಯಾರೋ ಫೋನೆತ್ತಿ ಈ ಕಡೆ ನೋಡಿ ಎಂದರು. ಜಗದೇವಪ್ಪ ಕೈ ಅಡ್ಡ ತಂದು ಫೋಟೋ ಬೇಡವೆಂದ. ಜನ ನಕ್ಕರು, ಎಷ್ಟೊಂದು ಫೋನುಗಳು ಮೇಲೆದ್ದವು.

ಎರಡು ಮಾತಾಡಿ ಎಂದು ನರಸಿಂಹಮೂರ್ತಿ ಮೈಕು ಮುಂದೆ ಹಿಡಿದರು. ಮೂರನೆಯ ಸಾಲಿನಲ್ಲಿ ಸುವರ್ಣಾ ಕಾಣಿಸಿದಳು. ಅವಳ ಮುಖದಲ್ಲಿ ಅಷ್ಟು ಬೆಳಕನ್ನು ಅವನು ನೋಡಿ ಯಾವ ಕಾಲವಾಗಿತ್ತೋ.

“ಆ ಫೋಟೋ ನಾ ಹಾಕಬಾರದಾಗಿತ್ರಿ,” ಎಂದ ಜಗದೇವಪ್ಪ. ದನಿ ಎಲ್ಲೋ ದೂರದಿಂದ ಬಂದಂತಿತ್ತು. “ಅದರಿಂದ ಮಷಿನ್ ವಾಪಸ್ ತಗೊಂಡು ಹೋದ್ರು. ಕಂಪನಿ ಮುಚ್ಚಾಕತ್ತೈತಿ, ಮೊನ್ನೆ ಶುಕ್ರವಾರ ಹೇಳ್ಯಾರ. ನನ್ನ ಜೋಡಿ ಇದ್ದವ್ರದೆಲ್ಲಾ ಕೆಲಸಾ ಹೋತು. ನಮ್ಮ ಸಾಹೇಬ್ರು ಮನಿ ಒತ್ತಿ ಇಟ್ಟಿದ್ರು, ಅವರು ನನ್ನ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈ ಶಾಲು ನನಗ ಬ್ಯಾಡ್ರಿ.”

ಕೆಲವರು ಅಭ್ಯಾಸದಿಂದ ಚಪ್ಪಾಳೆಗೆ ಕೈಯೆತ್ತಿದವರು ಅಲ್ಲೇ ನಿಲ್ಲಿಸಿದರು. ನರಸಿಂಹಮೂರ್ತಿ ಮೈಕು ಕೆಳಗಿಟ್ಟರು. ಆಮೇಲೆ ಅವರು ಮೆಲ್ಲಗೆ ಕಿಸೆಯಿಂದ ಫೋನು ತೆಗೆದು, ಬೆಂಗಳೂರಿಗೆ ತಾವು ಕಳಿಸಿದ್ದನ್ನು ಹುಡುಕಿ, ಅಳಿಸಲು ಒತ್ತತೊಡಗಿದರು. ಮತ್ತೆ ಮತ್ತೆ ಒತ್ತಿದರು. ಅದು ಹೋಗಲಿಲ್ಲ.

ಸುವರ್ಣಾ ಎದ್ದು ವೇದಿಕೆಗೆ ಬಂದಳು. ಅವನ ಕೈಯ ತಟ್ಟೆ ವಾಲಿ, ಅದರ ಮೇಲಿನ ತೆಂಗಿನಕಾಯಿ ಉರುಳುವುದರಲ್ಲಿತ್ತು. ಅವಳು ತಟ್ಟೆಯನ್ನು ಇಸಿದುಕೊಂಡು ಮೇಜಿನ ಮೇಲಿಟ್ಟಳು. ಪೇಟ ತೆಗೆದಳು. ಶಾಲನ್ನು ಅವನ ಹೆಗಲಿನಿಂದ ಇಳಿಸಿ, ಮನೆಯಲ್ಲಿ ಒಗೆದ ಬಟ್ಟೆ ಮಡಚುವಂತೆ ಅಂಚಿಗೆ ಅಂಚು ಸೇರಿಸಿ ಮಡಚಿದಳು. ಎಲ್ಲ ಮುಗಿದ ಮೇಲೆ, ಅವನಿಗಷ್ಟೇ ಕೇಳುವಂತೆ, ಅವನ ಮುಖ ನೋಡದೆ ಅಂದಳು:

“ಶುಕ್ರವಾರನ ನನಗ ಹೇಳಬಹುದಿತ್ತಲ್ರಿ.”